ಪಾಲುದಾರ ಹೋದ ಮ್ಯಾಲೆ ನಮ್ಮ ಕೈಯಾಗ ಏನು ಉಳೀತೈತಿ?

ಸೋಯಾ ರಾಶಿ ಮುಗೀತು, ಕಡ್ಲಿ ಬಿತ್ತನಿ ನಡದೈತಿ, ಕಬ್ಬು ಕಡಿಯೋ ಗ್ಯಾಂಗ್ ಇನ್ನೂ ನಮ್ಮ ಕಡೆ ಬಂದಿಲ್ಲ. ಹೋದ ಸಲ ಕಡ್ಲಿ ಬೀಜೋಪಚಾರದ ಬಗ್ಗೆ ಬರೀತೀನಿ ಅಂದಿದ್ದೆ. ಅದನ್ನ ಮುಂದಿನ ವಾರಕ್ಕ ಇಟ್ಕೊಳ್ರಿ. ಈ ಸಲದ ವಿಷಯಕ್ಕ ಹೊತ್ತು ಕಡಿಮಿ ಐತಿ, ಸೋಮವಾರನ ಸಭೆ ಐತಿ.

ನಿಮ್ಮಾಗ ಭಾಳ ಮಂದಿಗೆ ಗೊತ್ತೈತಿ, ನಮ್ಮ ಆಜುಬಾಜು ಐದಾರು ಹಳ್ಳಿ ಕೂಡಿ ಒಂದು ರೈತ ಉತ್ಪಾದಕ ಕಂಪನಿ ಮಾಡ್ಕೊಂಡೀವಿ. ಈಗ ಹೊರಗಿನ ಒಂದು ಕಂಪನಿಯವರು ಬಂದು ನಮ್ಮ ಸಂಗಟ ಪಾಲುದಾರಿಕೆ ಮಾಡ್ತೀವಿ ಅಂದಾರ. ಅವರ ಮಾತು ಮೂರು. ರಸ್ತೆ ಬಾಜೂಕಿನ ಎರಡು ಎಕರೆ ಜಾಗಾ 15 ವರ್ಷಕ್ಕ ಲಾವಣಿ ಬೇಕು, ಅಲ್ಲಿ ಕಾಳು ಹಸನ ಮಾಡೋ ಯಂತ್ರ, ಗೋದಾಮು ಕಟ್ಟತಾರ. ಸದಸ್ಯರೆಲ್ಲಾ ಸೋಯಾ, ಗೋವಿನಜೋಳ ಅವರಿಗೇ ಕೊಡಬೇಕು. ಅದರ ಬದಲಿಗೆ ನಮ್ಮೂರ 40 ಹುಡುಗೂರಿಗೆ ಕೆಲಸ. ಕಂಪನಿ ಹೆಸರು ಇಲ್ಲಿ ಬರಿಯಂಗಿಲ್ಲ, ಮಾತುಕತಿ ಇನ್ನೂ ಮುಗಿದಿಲ್ಲ.

ಊರಾಗ ಎರಡು ಗುಂಪು ಆಗ್ಯಾವು. ಒಬ್ಬರು ಅಂತಾರ, "40 ಮಂದಿಗೆ ಕೆಲಸ ಅಂದ್ರ 40 ಮನಿ ಉಳದಂಗ, ಸಹಿ ಹಾಕ್ರಿ." ಇನ್ನೊಬ್ಬರು ಅಂತಾರ, "ಕಂಪನಿಯವರು ಇವತ್ತ ಇರ್ತಾರ, ನಾಳೆ ಹೋಗ್ತಾರ, ಜಾಗಾ ಕೊಡಬ್ಯಾಡ್ರಿ." ಎರಡರಾಗೂ ಖರೆ ಐತಿ. ಆದ್ರ ನನಗ ಅನಸೋದು ಏನಂದ್ರ, ಪಾಲುದಾರ ಹೋಗ್ತಾನೋ ಇರ್ತಾನೋ ಅನ್ನೋದು ಮುಖ್ಯ ಪ್ರಶ್ನೆ ಅಲ್ಲ. ಎಲ್ಲಾ ಪಾಲುದಾರರೂ ಒಂದಿನ ಹೋಗೋರೇ. ಅವರು ಹೋದ ದಿನ ನಮ್ಮ ಭಾಗದಾಗ ಏನು ಉಳೀತೈತಿ ಅನ್ನೋದನ್ನ ಇವತ್ತೇ ಕೇಳ್ಕೋಬೇಕು.

ಪಾಲು ಅನ್ನೋದು ನಮಗ ಹೊಸಾದಲ್ಲ. ನಮ್ಮ ಅಪ್ಪನ ಕಾಲಕ್ಕ ಎರಡು ಎಕರೆ ಎರಿ ಹೊಲ ಪಾಲಿಗೆ ಹಾಕಿದ್ವಿ. ಬೀಜ, ಗೊಬ್ಬರ ಅರ್ಧ ನಮ್ಮದು, ಅರ್ಧ ಮಾಡೋನದು. ದುಡಿಮಿ ಅವಂದು, ಹೊಲ ನಮ್ಮದು. ಕಣದಾಗ ರಾಶಿ ಇಬ್ಬರ ಕಣ್ಣ ಮುಂದ ಅಳೀತಿದ್ರು. ಮಳಿ ಹೋತಂದ್ರ ಇಬ್ಬರಿಗೂ ಹೋತು. ಲಾವಣಿ ಅಂದ್ರ ಬ್ಯಾರೆ. ವರ್ಷಕ್ಕ ಇಷ್ಟು ರೊಕ್ಕ ಅಂತ ಮಾತಾತಂದ್ರ ಆತು, ಬೆಳಿ ಬರಲಿ ಬಿಡಲಿ ಹೊಲದ ಮಾಲಕನಿಗೆ ಸಂಬಂಧ ಇಲ್ಲ. ಈಗ ಆ ಕಂಪನಿಯವರ ಕಾಗದ ಓದಿ ನೋಡಿದ್ರ, ಮ್ಯಾಲೆ ಪಾಲುದಾರಿಕೆ ಅಂತ ಐತಿ, ಒಳಗ ಜಾಗಾ ಲಾವಣಿ ಐತಿ, ಮಾಲು ಖರೀದಿ ಐತಿ. ಲಾಭದಾಗ ಪಾಲು ಅನ್ನೋ ಶಬ್ದ ಎಲ್ಲೂ ಇಲ್ಲ. ಲಾವಣಿ ಕೆಟ್ಟದ್ದು ಅಂತ ಅಲ್ರೀ. ಆದ್ರ ಯಾವುದಕ್ಕ ಸಹಿ ಮಾಡಾಕತ್ತೀವಿ ಅನ್ನೋದು ಗೊತ್ತಿರಬೇಕು.

ದೂರದ ಮಾತು ಬ್ಯಾಡ, ನಮ್ಮ ಸುತ್ತಮುತ್ತಲೇ ಇಂಥಾ ಪಾಲುಗಾರಿಕೆ ಎಷ್ಟೋ ಆಗ್ಯಾವು. ಅವನ್ನ ಒಂದೊಂದಾಗಿ ನೋಡೋಣ.

ಕಿತ್ತೂರು ದಾಟಿ ಧಾರವಾಡ ಕಡೆ ಹೊಂಟ್ರ ಹೆದ್ದಾರಿ ಮ್ಯಾಲೆ ಬೇಲೂರು ಕೈಗಾರಿಕಾ ಪ್ರದೇಶ ಸಿಗತೈತಿ. ಅಲ್ಲಿ ಟಾಟಾ ಮೋಟರ್ಸ್‌ನವರು ಬ್ರೆಜಿಲ್ ದೇಶದ ಮಾರ್ಕೊಪೋಲೋ ಕಂಪನಿ ಸಂಗಟ ಕೂಡಿ ಬಸ್ ಬಾಡಿ ಕಟ್ಟೋ ಕಾರ್ಖಾನೆ ಹಾಕಿದ್ರು. 2006ರಾಗ ಒಪ್ಪಂದ ಆತು, ಟಾಟಾದವರದು 51 ಪಾಲು, ಬ್ರೆಜಿಲ್‌ದವರದು 49 ಪಾಲು. ಬಸ್ ಕಟ್ಟೋ ವಿದ್ಯಾ ಅವರದು, ಮಾರ್ಕೆಟ್ ಇವರದು. ಮುಂದ ಸುಮಾರು 15 ವರ್ಷಕ್ಕ ಬ್ರೆಜಿಲ್‌ದವರು ತಮ್ಮ ಪಾಲು ಟಾಟಾದವರಿಗೇ ಮಾರಿ ಹೊಂಟ್ರು. ಪಾಲುದಾರ ಹೋದ, ಕಾರ್ಖಾನೆ ಉಳೀತು. ಅದರ ಸಂಗಟ ಇನ್ನೊಂದು ಉಳೀತು. ಅಲ್ಲಿ ವೆಲ್ಡಿಂಗ್, ಪೇಂಟಿಂಗ್, ಫಿಟ್ಟಿಂಗ್ ಕಲತ ಹುಡುಗೂರ ಕೈ. ಆ ಕೈಯನ್ನ ಬ್ರೆಜಿಲ್‌ಗೆ ಯಾರೂ ಒಯ್ಯಾಕ ಆಗಂಗಿಲ್ಲ. ಆದ್ರ ಅದೇ 15 ವರ್ಷ ಯಾವುದರೆ ಕಾರ್ಖಾನ್ಯಾಗ ಬರೇ ಗೇಟ್ ಕಾಯ್ದವನ ಕೈಯಾಗ ಏನು ಉಳೀತೈತಿ, ನೀವೇ ವಿಚಾರ ಮಾಡ್ರಿ.

ಇನ್ನ ಸವದತ್ತಿ ತಾಲೂಕಿನ ಮುನವಳ್ಳಿ. 1998ರ ಸುಮಾರಿಗೆ ರೇಣುಕಾ ಶುಗರ್ಸ್‌ನವರು ಆಂಧ್ರದ ಒಂದು ಹಳೇ ಸಕ್ಕರಿ ಕಾರ್ಖಾನೆ ಯಂತ್ರ ಖರೀದಿ ಮಾಡಿ, ಬಿಚ್ಚಿ, ಇಲ್ಲಿಗೆ ತಂದು ಕೂಡಿಸಿದ್ರು. ಆಗ ಸಾವಿರಾರು ಕಬ್ಬು ಬೆಳೆಗಾರರಿಗೂ ಷೇರು ಕೊಟ್ಟಿದ್ರು. 2005ರಾಗ ಆ ಕಂಪನಿ ಷೇರು ಪೇಟೆಗೆ ಹೋತು. 2018ರಾಗ ಕಂಪನಿಯ ಹಿಡಿತ ಸಿಂಗಾಪುರದ ವಿಲ್ಮಾರ್ ಕೈಗೆ ಬಂತು. ಮುನವಳ್ಳಿ ಹೊಲದ ಕಬ್ಬಿಗೂ ಸಿಂಗಾಪುರಕ್ಕೂ ನಂಟು ಬೆಳೀತು ನೋಡ್ರಿ. ಮಾಲಕರು ಬದಲಾದ್ರು. ಷೇರು ಕಾಗದ ಇಟ್ಕೊಂಡವ ಮಾತ್ರ ಅದರಾಗ ಸಣ್ಣ ಮಾಲಕನಾಗೇ ಉಳದ. ಷೇರಿನ ಬೆಲಿ ಏರತೈತಿ, ಇಳಿತೈತಿ, ಅದು ಬ್ಯಾರೆ ಮಾತು. ಬರೇ ಕಬ್ಬು ಕಳಿಸಿದವನಿಗೆ ಉಳಿಯೋದು ಬಿಲ್ಲು. ಎರಡೂ ಬೇಕ್ರಿ, ಆದ್ರ ಎರಡೂ ಒಂದೇ ಅಲ್ಲ.

ರಾಮದುರ್ಗ ಕಡೆ ಖಾನಪೇಟದ ಧನಲಕ್ಷ್ಮೀ ಸಹಕಾರಿ ಸಕ್ಕರಿ ಕಾರ್ಖಾನೆ ಮೂರನೇ ನಮೂನಿ. ಕಾರ್ಖಾನೆ ಸಹಕಾರಿ ಸಂಘದ್ದು, ಆದ್ರ ಲೀಸಿನ ಮ್ಯಾಲೆ ನಡಿಸಿದವರು ಪ್ಯಾರಿ ಕಂಪನಿ. ನಮ್ಮ ಭಾಷಾದಾಗ ಹೇಳಬೇಕಂದ್ರ ಹೊಲ ರೈತಂದು, ಲಾವಣಿ ಇನ್ನೊಬ್ಬಂದು. ನಿಂತ ಯಂತ್ರಕ್ಕ ತುಕ್ಕು ಹಿಡಿಯೋದಕ್ಕಿಂತ ನಡಿಯೋ ಯಂತ್ರ ಚೊಲೊ. ಅರಿಯುವ ಕಾರ್ಖಾನೆ ಹತ್ರ ಇದ್ರ ಕಬ್ಬಿಗೆ ಸಾಗಾಣಿಕಿ ಕಡಿಮಿ, ಸೀಜನ್‌ದಾಗ ಊರ ಮಂದಿಗೆ ಕೆಲಸ, ಟ್ರ್ಯಾಕ್ಟರ್ ಇದ್ದವನಿಗೆ ಬಾಡಿಗಿ. ಇಂಥಾ ಲೀಸಿನ್ಯಾಗ ಎಲ್ಲಾ ಕಾಗದದ ಮ್ಯಾಲೆ ನಿಂತಿರತೈತಿ. ಎಷ್ಟು ವರ್ಷ, ರಿಪೇರಿ ಯಾರದು, ಹೊಸಾ ಯಂತ್ರ ಹಾಕಿದ್ರ ಅದು ಕಡೀಕ ಯಾರಿಗೆ, ಕಾಮಗಾರರ ಹೊಣಿ ಯಾರಿಗೆ. ನಮ್ಮ ಎರಡು ಎಕರೆ ಜಾಗಾದ ಕಾಗದದಾಗ ಈ ನಾಲ್ಕೂ ಬರೀಲೇಬೇಕು. ಈಗ ಬರದದ್ದು ಬರೇ ವರ್ಷ ಮತ್ತ ಬಾಡಿಗಿ.

ಬೆಳಗಾವಿ ಉದ್ಯಮಬಾಗದ ಮಾತೂ ಹೇಳಬೇಕು. ಅಲ್ಲಿ ಫೌಂಡ್ರಿ, ಅಂದ್ರ ಕಬ್ಬಿಣ ಎರಕಾ ಹೊಯ್ಯೋ ಕಾರ್ಖಾನೆಗಳು ಭಾಳ. ಒಬ್ಬರಿಗೊಬ್ಬರು ಪೈಪೋಟಿ ಮಾಡೋರು. ಆದ್ರ ಎಲ್ಲಾರಿಗೂ ಬೇಕಾದ ದೊಡ್ಡ ಸವಲತ್ತು, ಮಾಲು ಪರೀಕ್ಷೆ ಮಾಡೋ ಲ್ಯಾಬ್ ಅಂಥವು, ಒಬ್ಬೊಬ್ಬರೇ ಮಾಡ್ಕೊಳ್ಳಾಕ ಆಗಲ್ಲ ಅಂತ ಕೂಡಿ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಕಟ್ಟಿಕೊಂಡ್ರು, ಸರ್ಕಾರದ ರೊಕ್ಕಾನೂ ಸೇರಿಸಿಕೊಂಡ್ರು. ಪೈಪೋಟಿ ಮಾಡೋ ಮಾಲಕರು ಕೂಡಬಹುದು ಅಂದ್ರ, ಒಂದೇ ಬದುವಿನ ಎರಡು ಬಾಜೂ ಇರೋ ನಾವು ಯಾಕ ಕೂಡಬಾರದ್ರಿ? ಸೋಯಾ ತೇವಾಂಶ ನೋಡೋ ಮಶೀನ್ ನಮ್ಮ ರೈತ ಕಂಪನಿಯದೇ ಒಂದು ಇರಬೇಕು ಅಂತ ನಾನು ಎರಡು ವರ್ಷದಿಂದ ಹೇಳಾಕತ್ತಿದ್ದು ಇದಕ್ಕೇ. ಬೆಂಬಲ ಬೆಲಿ ಖರೀದಿಗೆ ತೇವಾಂಶ 12 ಪರ್ಸೆಂಟ್ ಒಳಗಿರಬೇಕು. ಆ 12 ಅನ್ನೋದನ್ನ ಬರೇ ಕೊಳ್ಳೋನ ಮಶೀನ್ ಹೇಳಿದ್ರ, ನಮ್ಮ ರಾಶಿ ನಮ್ಮ ಕಣ್ಣ ಮುಂದ ಅಳದಂಗ ಆಗಂಗಿಲ್ಲ.

ಈಗ ಕೆಲಸದ ವಿಷಯಕ್ಕ ಬರ್ತೀನಿ. ಇದರಾಗ ನನ್ನ ಮನಿ ಮಾತು ಐತಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರಿಗೂ ಇವತ್ತಿಗೂ ರೈಲು ಇಲ್ಲ. ಧಾರವಾಡದಿಂದ ಕಿತ್ತೂರು ಮ್ಯಾಲಿಂದ ಬೆಳಗಾವಿಗೆ 73 ಕಿಲೋಮೀಟರ್ ಹೊಸಾ ಮಾರ್ಗಕ್ಕ ಮಂಜೂರಿ ಸಿಕ್ಕೈತಿ, ಗಾಡಿ ಓಡೋದು ಇನ್ನ ಆಗಬೇಕು. ಹಿಂಗಾಗಿ ದೊಡ್ಡ ಕಾರ್ಖಾನೆ ಎಲ್ಲಾ ಹೆದ್ದಾರಿ ಹಿಡಕೊಂಡು ಕುಂತಾವು, ನಮ್ಮ ಹುಡುಗೂರು ನಸಿಕಲೆ ಎದ್ದು ಬುತ್ತಿ ಕಟ್ಟಿಕೊಂಡು ಕಂಪನಿ ಬಸ್ಸಿಗೆ ನಿಲ್ಲತಾರ. ನನ್ನ ದೊಡ್ಡ ಮಗನೂ ಹಂಗೇ ನಿಂತವ. ಐಟಿಐ ಫಿಟ್ಟರ್ ಎರಡು ವರ್ಷ ಮುಗಿಸಿದ್ದ. ಒಂದು ಕಾರ್ಖಾನ್ಯಾಗ ಗುತ್ತಿಗೆದಾರನ ಕಡೆಯಿಂದ ಸೇರಿದ. ಪಗಾರ ಆಗಿನ ಮಟ್ಟಿಗೆ ಬರೋಬ್ಬರಿ ಇತ್ತು. ಮನ್ಯಾಗ ಎಲ್ಲಾರಿಗೂ ಖುಷಿ. ಆದ್ರ ಎರಡು ವರ್ಷ ಅವ ಮಾಡಿದ್ದು ಪೆಟ್ಟಿಗಿ ಎತ್ತೋದು, ಇಳಿಸೋದು. ಫಿಟ್ಟರ್ ಕೆಲಸಕ್ಕ ಅವನ್ನ ಹಚ್ಚಲೇ ಇಲ್ಲ. ಮುಂದ ಗುತ್ತಿಗೆದಾರ ಬದಲಾದ, ಹೊಸಾವ ತನ್ನ ಮಂದಿ ತಂದ, ಇವರು 30 ಹುಡುಗೂರು ಮನಿಗೆ ಬಂದ್ರು. ಎರಡು ವರ್ಷ ದುಡದದ್ದಕ್ಕ ಅನುಭವದ ಪತ್ರ ಕೇಳಿದ್ರ, ಹಳೇ ಗುತ್ತಿಗೆದಾರನ ಫೋನ್ ಹತ್ತಂಗಿಲ್ಲ, ಕಾರ್ಖಾನೆಯವರು "ನೀವು ನಮ್ಮವರಲ್ಲ" ಅಂದ್ರು.

ಆಮ್ಯಾಲೆ ಅವನ ಐಟಿಐ ಮಾಸ್ತರು ಹೇಳಿಕೊಟ್ಟ ಮ್ಯಾಲೆ ಬ್ಯಾರೆ ಕಡೆ ಅಪ್ರೆಂಟಿಸ್ ಆಗಿ ಒಂದು ವರ್ಷ ಸೇರಿದ. ಕೈಗೆ ಬರೋ ರೊಕ್ಕ ಮೊದಲಿಗಿಂತ ಕಡಿಮಿ. ನಮ್ಮವ್ವ ಅಂದ್ಲು, "ಓದಿ ಕಲತು ಮತ್ತ ಕಲಿಯಾಕ ಹೊಂಟೀಯೇನೋ ತಮ್ಮಾ?" ಆದ್ರ ಅಲ್ಲಿ ಯಂತ್ರದ ಮುಂದ ನಿಲ್ಲಿಸಿದ್ರು. ಮೈಕ್ರೊಮೀಟರ್ ಹಿಡಿಯೋದು, ಡ್ರಾಯಿಂಗ್ ಓದೋದು, ತಪ್ಪು ಬಂದ್ರ ಯಾಕ ಬಂತು ಅಂತ ಹುಡುಕೋದು ಕಲತ. ವರ್ಷ ಮುಗದ ಮ್ಯಾಲೆ ಪರೀಕ್ಷೆ, ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್. ಈಗ ಬ್ಯಾರೆ ಕಾರ್ಖಾನ್ಯಾಗ ಅದೇ ಸರ್ಟಿಫಿಕೇಟ್ ಮ್ಯಾಲೆ ಯಂತ್ರ ನಡಸ್ತಾನ. ಗುತ್ತಿಗೆದಾರ ಬದಲಾದ್ರೂ ಆ ಕಾಗದ ಬದಲಾಗಂಗಿಲ್ಲ. ಅವನ ಸಂಗಟ ಮನಿಗೆ ಬಂದ ಆ 30 ಮಂದ್ಯಾಗ ಕೆಲವರು ಗೋವಾಕ್ಕ ಹೋದ್ರು, ಕೆಲವರು ಬೆಂಗಳೂರಿಗೆ ಹೋದ್ರು, ಒಬ್ಬಿಬ್ಬರು ಇವತ್ತಿಗೂ ಬಸ್ ಸ್ಟ್ಯಾಂಡ್ ಕಟ್ಟಿ ಮ್ಯಾಲೆ ಕುಂತಿರ್ತಾರ.

ಅಪ್ರೆಂಟಿಸ್ ಅನ್ನೋದು ದಾನ ಅಲ್ರೀ. 1961ರ ಕಾಯದೆ ಐತಿ. 2016ರಿಂದ ಕೇಂದ್ರ ಸರ್ಕಾರದ ಯೋಜನೆ ಬಂತು, ಅಪ್ರೆಂಟಿಸ್‌ಗೆ ಕೊಡೋ ರೊಕ್ಕದಾಗ ನಾಲ್ಕನೇ ಒಂದು ಪಾಲು, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರ ಹಾಕತಿತ್ತು. ಕಂಪನಿ ಯಂತ್ರ ಕೊಡತೈತಿ, ಸರ್ಕಾರ ರೊಕ್ಕದಾಗ ಪಾಲು ಹಾಕತೈತಿ, ಹುಡುಗ ದುಡಿಮಿ ಹಾಕತಾನ. ಇದಕ್ಕ ಪಾಲು ಅಂತ ಧೈರ್ಯದಿಂದ ಅನ್ನಬಹುದು, ಯಾಕಂದ್ರ ಮೂವರಿಗೂ ಏನರೆ ಉಳೀತೈತಿ.

ಕಲಿಸೋ ಪಾಲುಗಾರಿಕೆಗೆ ನಮ್ಮ ರಾಜ್ಯದಾಗ ಎರಡು ಗಟ್ಟಿ ಉದಾಹರಣೆ ಅದಾವು. ಒಂದು ಜಿಟಿಟಿಸಿ. 1972ರಾಗ ಡೆನ್ಮಾರ್ಕ್ ಸರ್ಕಾರದ ಸಹಾಯದಿಂದ ಬೆಂಗಳೂರಾಗ ಸುರು ಆತು. ಡೆನ್ಮಾರ್ಕ್‌ದವರು ಹೊಳ್ಳಿ ಹೋಗಿ ಎಷ್ಟೋ ವರ್ಷ ಆತು. ಆದ್ರ ಸಂಸ್ಥೆ ಬೆಳದು ರಾಜ್ಯದ ತುಂಬ ಹಬ್ಬೈತಿ, ಬೆಳಗಾವಿಯಾಗೂ ಐತಿ. ಎಸ್ಸೆಸ್ಸೆಲ್ಸಿ ಪಾಸ್ ಆದ ಹುಡುಗ-ಹುಡುಗಿ ಟೂಲ್ ಆ್ಯಂಡ್ ಡೈ ಡಿಪ್ಲೊಮಾಕ್ಕ ಸೇರಬಹುದು. ಮೂರು ವರ್ಷ ಕಲಿಯೋದು, ಒಂದು ವರ್ಷ ಕಾರ್ಖಾನ್ಯಾಗ ಕೈ ಪಳಗಿಸೋದು.

ಇನ್ನೊಂದು ರುಡ್‌ಸೆಟಿ. 1982ರಾಗ ಉಜಿರೆಯಾಗ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಕೂಡಿ ಕಟ್ಟಿದ್ದು. ಹಳ್ಳಿ ಹುಡುಗೂರಿಗೆ ಪುಕ್ಕಟೆ ತರಬೇತಿ, ಊಟ, ವಸತಿ. ಮೋಟಾರ್ ರಿವೈಂಡಿಂಗ್, ಹೊಲಿಗಿ, ಹೈನುಗಾರಿಕೆ, ಮೊಬೈಲ್ ರಿಪೇರಿ ಅಂಥಾ ಕೆಲಸ. ಕಲತ ಮ್ಯಾಲೆ ಬ್ಯಾಂಕ್ ಸಾಲದ ಹಾದಿ ತೋರಸ್ತಾರ. ಈ ನಮೂನಿ ನೋಡಿನೇ ಕೇಂದ್ರ ಸರ್ಕಾರ ದೇಶದ ಜಿಲ್ಲಾ ಜಿಲ್ಲಾಕ್ಕ ಆರ್‌ಸೆಟಿ ಮಾಡಿದ್ದು. ನಮಗ ಹತ್ರ ಅಂದ್ರ ಧಾರವಾಡದಾಗ ರುಡ್‌ಸೆಟಿ ಐತಿ. 2020ರಾಗ ಸಿಂಡಿಕೇಟ್ ಬ್ಯಾಂಕ್ ಕೆನರಾದಾಗ ವಿಲೀನ ಆಗಿ ಹೆಸರೇ ಹೋತು. ಕೂಡಿದ ಮೂವರಾಗ ಒಬ್ಬ ಇಲ್ಲದಂಗಾದ್ರೂ ಅಲ್ಲಿ ಕಲತವ ಇವತ್ತೂ ನಮ್ಮ ಬೋರಿನ ಮೋಟಾರ್ ಸುತ್ತತಾನ.

ಐಟಿಐದಾಗೂ ಇಂಥಾದ್ದೊಂದು ಆಗೈತಿ. ಟಾಟಾ ಟೆಕ್ನಾಲಜೀಸ್ ಸಂಗಟ ಕೂಡಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳಿಗೆ ಹೊಸಾ ಯಂತ್ರ ಹಾಕಿಸೈತಿ. 2022ರ ಜೂನ್‌ದಾಗ ಉದ್ಘಾಟನೆ ಆತು. ನಿಮ್ಮ ಮಗ ಅಥವಾ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಇದ್ರ, ಅರ್ಜಿ ಹಾಕೋಕಿಂತ ಮೊದಲ ಆ ಐಟಿಐಗೆ ನೀವೇ ಒಂದು ಸಲ ಹೋಗಿ ಬರ್ರಿ. ಯಾವ ಯಂತ್ರ ಐತಿ, ಹೋದ ವರ್ಷ ಕಲತವರು ಎಲ್ಲಿ ಅಪ್ರೆಂಟಿಸ್ ಹೋಗ್ಯಾರ, ಇವೆರಡು ಕೇಳ್ರಿ. ಎತ್ತು ತರೋ ಮುಂದ ಹಲ್ಲು ನೋಡ್ತೀವಲ್ಲ, ಹಂಗ.

ಈಗ ಹೊಳ್ಳಿ ನಮ್ಮ 40 ಕೆಲಸಕ್ಕ ಬರೋಣ. ಕಂಪನಿಯವರ ಸಂಗಟ ಕುಂತಾಗ ಸುಮ್ಮನೆ ಒಂದು ಮಾತು ಕೇಳಿದೆ, "ಸಾಹೇಬ್ರ, ಈ 40 ಕೆಲಸ ಯಾವ್ಯಾವು?" ಲೆಕ್ಕ ಹಾಕಿ ಹೇಳಿದ್ರು. ಚೀಲ ಹೊರಾವ್ರು, ಹಸನ ಮಾಡಾವ್ರು 30, ಕಾವಲು 4, ಉಳದ 6 ಯಂತ್ರ, ಕಾಟಾ, ಲ್ಯಾಬ್, ಲೆಕ್ಕಪತ್ರದವು. ಆ ಆರಕ್ಕ ಹೊರಗಿನಿಂದ ಮಂದಿ ತರ್ತೀವಿ, ನಿಮ್ಮಾಗ ಕಲತವರು ಇಲ್ಲಲ್ಲ ಅಂದ್ರು. ಸ್ಥಳೀಯರಿಗೆ ಕೆಲಸ ಅನ್ನೋ ಮಾತಿನ ಒಳಗುಟ್ಟು ಇದೇ. ರಾಜ್ಯದ 2020–25ರ ಕೈಗಾರಿಕಾ ನೀತಿಯಾಗೂ ಒಟ್ಟು ಕೆಲಸದಾಗ 70 ಪರ್ಸೆಂಟ್ ಕನ್ನಡಿಗರಿಗೆ, ಡಿ ದರ್ಜೆ ಕೆಲಸ ಪೂರ್ತಿ ಕನ್ನಡಿಗರಿಗೆ ಅಂತ ಬರದಿತ್ತು. ಚೊಲೊ ಮಾತು. ಆದ್ರ ಚೀಲ ಹೊರೋದು ಪೂರ್ತಿ ನಮಗ, ಕಾಟಾ ನೋಡೋದು ಬ್ಯಾರೆಯವರಿಗೆ ಅಂದ್ರ ಆ ಲೆಕ್ಕ ನಮಗ ಸಾಲಂಗಿಲ್ಲ.

ನನ್ನ ಸಣ್ಣ ಮಗಳು ಪಿಯುಸಿ ಸೈನ್ಸ್ ಎರಡನೇ ವರ್ಷ ಅದಾಳ. ಸಂಜಿಕ ಊಟಕ್ಕ ಕುಂತಾಗ ಕೇಳಿದ್ಲು, "ಅಪ್ಪಾ, ಆ ಲ್ಯಾಬಿನ್ಯಾಗ ಕಾಳು ಪರೀಕ್ಷೆ ಮಾಡೋದು ಕಲಿಯಾಕ ಎಷ್ಟು ದಿನ ಬೇಕು?" ನನ್ನ ಕಡೆ ಉತ್ತರ ಇರಲಿಲ್ಲ, ಮರುದಿನ ಕಂಪನಿಯವರಿಗೇ ಫೋನ್ ಹಚ್ಚಿ ಕೇಳಿದೆ. ಮೂರು ತಿಂಗಳ ತರಬೇತಿ ಸಾಕು ಅಂದ್ರು. ಮೂರು ತಿಂಗಳು ಅಂದ್ರ ಒಂದು ಹೆಸರಿನ ಬೆಳಿ ಅಷ್ಟೇ! ಗೋದಾಮು ಕಟ್ಟಾಕ ಒಂದು ವರ್ಷ ಹಿಡೀತೈತಿ ಅಂತಾರ. ಆ ಒಂದು ವರ್ಷದಾಗ ಆರಲ್ಲ, ಹನ್ನೆರಡು ಮಂದಿ ತಯಾರ ಆಗ್ತಾರ.

ಅದಕ್ಕ ಸೋಮವಾರ ಸಭೆಯಾಗ ನಾನು ಇಡೋ ಮಾತು ಇವು. ನೀವೂ ಓದಿ ನೋಡ್ರಿ, ನಿಮ್ಮ ಊರಿಗೂ ನಾಳೆ ಇಂಥವರು ಬರಬಹುದು.

ಒಂದು, ಯಂತ್ರ, ಕಾಟಾ, ಲ್ಯಾಬ್, ಲೆಕ್ಕ, ಈ ಆರು ಕೆಲಸಕ್ಕ ನಮ್ಮ ಹಳ್ಳಿಗಳ 12 ಹುಡುಗ-ಹುಡುಗೀರನ್ನ ಕಟ್ಟಡ ಮುಗಿಯೋದರೊಳಗ ಕಂಪನಿ ಖರ್ಚಿನ್ಯಾಗ ಕಲಿಸಬೇಕು, ಸರ್ಟಿಫಿಕೇಟ್ ಕೊಡಬೇಕು.

ಎರಡು, ದುಡಿಯೋ ಪ್ರತಿಯೊಬ್ಬರಿಗೂ ಪಗಾರ ಚೀಟಿ, ಪಿಎಫ್, ಬಿಡೋ ಮುಂದ ಅನುಭವ ಪತ್ರ. ಗುತ್ತಿಗೆದಾರನ ಕಡೆಯಿಂದ ಬಂದವರಿಗೂ ಇದೇ, ಹೊಣಿ ಕಂಪನಿದು.

ಮೂರು, ಕಾಟಾ ಮತ್ತ ತೇವಾಂಶದ ಮಶೀನ್ ಮುಂದ ನಮ್ಮ ರೈತ ಕಂಪನಿಯ ಒಬ್ಬ ಮನಿಷ್ಯಾ ಕಾಯಂ ಇರಬೇಕು. ತಕರಾರು ಬಂದ್ರ ನಮ್ಮ ಮಶೀನಿನ್ಯಾಗ ಇನ್ನೊಮ್ಮೆ ನೋಡಬೇಕು.

ನಾಲ್ಕು, ದರ. ಆ ದಿನದ ಬೈಲಹೊಂಗಲ ಎಪಿಎಂಸಿ ದರ ಅಥವಾ ಬೆಂಬಲ ಬೆಲಿ, ಯಾವುದು ಹೆಚ್ಚೋ ಅದು. 2025–26ಕ್ಕ ಸೋಯಾಕ್ಕ ಕ್ವಿಂಟಲ್‌ಗೆ 5,328 ರೂಪಾಯಿ ಇತ್ತು. ರೊಕ್ಕ 14 ದಿನದಾಗ, ತಡ ಆದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ. ಇದು ನಾನು ಹುಟ್ಟಿಸಿದ್ದಲ್ಲ. ಕಬ್ಬಿಗೆ 1966ರ ಆದೇಶದಾಗ ಇದೇ ಐತಿ. ಕಬ್ಬಿಗೆ ಇದ್ದದ್ದು ಕಾಳಿಗೆ ಯಾಕ ಬ್ಯಾಡ?

ಐದು, ಎಲ್ಲಾ ಮಾಲು ಅವರಿಗೇ ಅನ್ನೋದು ಬ್ಯಾಡ. ನೂರಕ್ಕ 60 ಪಾಲು ಅವರಿಗೆ, ಉಳದದ್ದು ರೈತನ ಮರ್ಜಿ. ಬೈಲಹೊಂಗಲ, ಸವದತ್ತಿ ಮಾರ್ಕೆಟ್ಟಿನ ಹಾದಿ ಮುಚ್ಚಿಕೊಂಡ ದಿನ ದರದ ಮಾತು ನಮ್ಮ ಕೈಯಾಗ ಇರಂಗಿಲ್ಲ.

ಆರು, 15 ವರ್ಷ ಮುಗದ ಮ್ಯಾಲೆ ಅಥವಾ ಅವರು ನಡುವ ಬಿಟ್ಟು ಹೋದ್ರ ಕಟ್ಟಡ ರೈತ ಕಂಪನಿಗೆ. ಯಂತ್ರಕ್ಕ ಸವೆದ ಬೆಲಿ ಕಟ್ಟಿಸಿ ಮೊದಲು ನಮಗ ಕೇಳಬೇಕು. ಹಿಂಗ ಬರದ್ರ ಜಾಗಾದ ಬಾಡಿಗಿ ಸ್ವಲ್ಪ ಕಡಿಮಿ ಆದ್ರೂ ನಡೀತೈತಿ.

ಕೆಲವರು ನನಗ ಅಂದ್ರು, "ಇಷ್ಟೆಲ್ಲಾ ಕೇಳಿದ್ರ ಅವರು ಬ್ಯಾರೆ ಊರಿಗೆ ಹೋಗ್ತಾರ." ಹೋಗಬಹುದು. ಆ ಅಂಜಿಕಿ ನನಗೂ ಐತಿ, ಯಾಕಂದ್ರ ನನ್ನ ಮಗಳ ಕೆಲಸಾನೂ ಅದರ ಸಂಗಟ ಹೋಗತೈತಿ. ಆದ್ರ ಅವರು ಇಲ್ಲಿಗೆ ಬಂದದ್ದು ನಮ್ಮ ಮ್ಯಾಲಿನ ಪ್ರೀತಿಗೆ ಅಲ್ಲ. ಇಲ್ಲಿ ಸೋಯಾ ಐತಿ, ಗೋವಿನಜೋಳ ಐತಿ, ರಸ್ತೆ ಐತಿ, ಒಂದೇ ಕಡೆ ನಾಲ್ಕು ನೂರು ರೈತರ ಮಾಲು ಸಿಗತೈತಿ. ನಾಲ್ಕು ನೂರು ಮಂದಿ ಕೂಡಿ ಕೇಳಿದ್ರ ಅದಕ್ಕ ತೂಕ ಇರತೈತಿ. ಒಬ್ಬೊಬ್ಬರೇ ಹೋಗಿ ಸಹಿ ಮಾಡಿದ್ರ ಆ ತೂಕ ಇರಂಗಿಲ್ಲ. ಅವರ ಆರರಾಗ ನಾಲ್ಕು ಒಪ್ಪಿದ್ರೂ ಸಹಿ ಮಾಡೋಣ ಅಂತ ನನ್ನ ಮತ. ಆದ್ರ ಆ ನಾಲ್ಕರಾಗ ಮೊದಲನೇದು ಮತ್ತ ಮೂರನೇದು ಇರಲೇಬೇಕು, ಕಲಿಸೋದು ಮತ್ತ ತೂಕ. ಉಳದದ್ದನ್ನ ಜಗ್ಗಾಡಿ ಮಾಡಬಹುದು.

ನಮ್ಮ ರೈತ ಕಂಪನಿ ಸದಸ್ಯರಿಗೆ ವಿನಂತಿ: ಸೋಮವಾರ ಮುಂಜಾನೆ 11ಕ್ಕ ಸಾಲಿ ಹಿಂದಿನ ಸಭಾಭವನಕ್ಕ ಬರ್ರಿ. ಒಪ್ಪಂದದ ಕಾಗದದ ಕನ್ನಡ ಪ್ರತಿ ಕಾರ್ಯದರ್ಶಿ ಕಡೆ ಐತಿ, ಓದಿಕೊಂಡು ಬರ್ರಿ. ಬರೋ ಮುಂದ ಮನಿಯ ಹುಡುಗ-ಹುಡುಗೀರನ್ನೂ ಕರಕೊಂಡು ಬರ್ರಿ, ವಿಶೇಷವಾಗಿ ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ ಆದವರನ್ನ. 15 ವರ್ಷದ ಕಾಗದ ಇದು. ಮುಗಿಯೋ ಹೊತ್ತಿಗೆ ನನಗ ಎಪ್ಪತ್ತು ಆಗಿರತೈತಿ, ಅದನ್ನ ಅನುಭವಿಸೋರು ಅವರು.

ಬ್ಯಾರೆ ಊರಿನವರು, ನಿಮ್ಮ ಕಡೆ ಇಂಥಾ ಒಪ್ಪಂದ ಆಗಿದ್ರ ಯಾವ ಕರಾರು ಉಪಯೋಗಕ್ಕ ಬಂತು, ಯಾವುದು ಬರಲಿಲ್ಲ ಅಂತ ರವಿವಾರದೊಳಗ ತಿಳಸ್ರಿ, ಸಭೆಯಾಗ ಓದಿ ಹೇಳ್ತೀನಿ. ಮುಂದಿನ ವಾರ ಕಡ್ಲಿ ಬೀಜೋಪಚಾರ, ಟ್ರೈಕೋಡರ್ಮಾ ಯಾವಾಗ ಹಚ್ಚಬೇಕು, ಎಷ್ಟು ಹಚ್ಚಬೇಕು ಅನ್ನೋದು ಖಂಡಿತ.